ಮುಪ್ಪಿಗೊಂದು ಅಣಕು ಕವಾಯತು

ನನ್ನ ಮುಪ್ಪು ನಾನು ಹೇಳಿದ ಹಾಗೆ ಕೇಳಬೇಕು! ಹೀಗೆಂದು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಎತ್ತಿ ಹಿಡಿದು, ಬಚ್ಚಲ ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದೆ. ಕನ್ನಡಿಯೊಳಗಿದ್ದ ಬೋಳುತಲೆಯ ಮುದುಕನೂ ಬ್ರಷ್ ಎತ್ತಿದ. ನಮ್ಮಿಬ್ಬರಲ್ಲಿ ಅಂದು ಪೂರ್ತಿ ಒಮ್ಮತವಿತ್ತು.

ನಮ್ಮದೇನು ಅಂತಿಂಥ ತಲೆಮಾರೇ? ಅಪ್ಪ ಹೊಲಿಸಿಕೊಟ್ಟ ಚಡ್ಡಿಯಲ್ಲಿ ಬೆಳೆದೆವು, ನಿಜ. ಆದರೆ ಮೀಸೆ ಚಿಗುರಿದ ಮೇಲೆ ತಲೆಗೂದಲು ಎಷ್ಟುದ್ದ ಇರಬೇಕೆಂದು ನಾವೇ ತೀರ್ಮಾನಿಸಿದೆವು. ಪ್ಯಾಂಟಿನ ಕಾಲು ಎಷ್ಟಗಲ ಇರಬೇಕೆಂದೂ ನಾವೇ ತೀರ್ಮಾನಿಸಿದೆವು. ಹೆಂಡತಿಯನ್ನೂ ನಾವೇ ಆರಿಸಿಕೊಂಡೆವು. (ಆರಿಸಿದ್ದು ತಾನು ಎಂಬುದು ನನ್ನ ಹೆಂಡತಿಯ ವಾದ. ಇರಲಿ.) ಇಂಥ ನಾವು ಕೊನೆಗಾಲದಲ್ಲಿ ಮಾತ್ರ ಯಾರೋ ಕೊಟ್ಟ ಪ್ಲಾಸ್ಟಿಕ್ ಲೋಟದಲ್ಲಿ, ಯಾರೋ ಹಾಕಿದಷ್ಟು ಸಕ್ಕರೆಯ ಟೀಯನ್ನು, ಯಾರೋ ಹೇಳಿದ ಹೊತ್ತಿಗೆ ಕುಡಿದು, "ಗುಡ್ ಬಾಯ್ ತಾತ" ಎನ್ನಿಸಿಕೊಳ್ಳಬೇಕೇ?

ಈ ವೀರಾವೇಶಕ್ಕೆ ಒಂದು ಹಿನ್ನೆಲೆಯಿದೆ. ಅದಕ್ಕೆ ಹಿಂದಿನ ವಾರ ಅದೇ ಬಚ್ಚಲಲ್ಲಿ ನಾನು ಕಾಲು ಜಾರಿ ಕೂತಿದ್ದೆ. ಬಿದ್ದಿದ್ದೆ ಎನ್ನಬೇಡಿ, ಕೂತಿದ್ದೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿ ನಿವೃತ್ತನಾದವನು ಬಚ್ಚಲಲ್ಲಿ ಬೀಳುವುದಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ, ಸೋಪಿನ ನೊರೆ ಮಾತ್ರ ಆಗಿತ್ತು. ಆದರೆ ಸುದ್ದಿ ಮಗಳಿಗೆ ಮುಟ್ಟಿತು. ನನ್ನ ಮಗಳು ಊರಿನ ಆ ತುದಿಯಲ್ಲಿರುವ ಪಶುವೈದ್ಯೆ. ಎದುರಿಗಿರುವ ಪ್ರಾಣಿಯ ಒಪ್ಪಿಗೆಗೆ ಕಾಯದೆ ಕುತ್ತಿಗೆ ಹಿಡಿದು ಔಷಧಿ ಹಾಕುವುದು ಅವಳ ವೃತ್ತಿಧರ್ಮ. ಬಂದವಳೇ ನನ್ನ ಮೊಣಕಾಲು ತಟ್ಟಿ ನೋಡಿ, ಕೆರೆಯಾಚೆ ಹಿರಿಯರ ನಿವಾಸವೊಂದಿದೆ, ಅಪ್ಪ ಅಮ್ಮ ಇಬ್ಬರೂ ಕೈಕಾಲು ಗಟ್ಟಿಯಿರುವಾಗಲೇ ಹೋಗಿ ಸೇರಿಕೊಳ್ಳುವುದು ಒಳ್ಳೆಯದು, ಬಿದ್ದ ಮೇಲೆ ಹೊತ್ತುಕೊಂಡು ಹೋಗುವಂತಾಗಬಾರದು ಎಂದಳು.

ನಾನು ಸಿಡಿದೆದ್ದೆ. ನನ್ನ ಇಷ್ಟಗಳನ್ನು ಊಟದ ಮೇಜಿನ ಮುಂದೆ ನಿಂತು ಸಾರಿದೆ. ಕೊನೆಯವರೆಗೂ ಇದೇ ಮನೆ. ಕಿಟಕಿಯ ಪಕ್ಕ ನನ್ನ ಮಂಚ. ರೇಡಿಯೋ ನಾನು ಹೇಳಿದಷ್ಟು ಜೋರಾಗಿ. ಟೀ ನನ್ನ ಪಿಂಗಾಣಿ ಬಟ್ಟಲಿನಲ್ಲಿ, ನಾನು ಕೇಳಿದಾಗ. ನನ್ನನ್ನು ಮಗುವಿನಂತೆ ಮುದ್ದು ಮಾಡಿ ಮಾತಾಡಿಸಿದವರಿಗೆ ಮನೆಯೊಳಗೆ ಪ್ರವೇಶವಿಲ್ಲ. ನನ್ನ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ರೀ, ಇದನ್ನೆಲ್ಲ ಮಾಡೋರು ಯಾರು?"

"ಅದೆಲ್ಲ ಆಗುತ್ತೆ ಕಣೇ."

"ತಾನಾಗೇ ಆಗುತ್ತಾ?"

"ಮನೆ ಅಂದ್ಮೇಲೆ ಆಗೇ ಆಗುತ್ತೆ. ಇಷ್ಟು ವರ್ಷ ಆಗಿಲ್ವಾ?"

ಅವಳು "ಹೂಂ" ಎಂದಳು. ಸಂಸಾರಸ್ಥರಿಗೆ ಗೊತ್ತಿರುತ್ತದೆ, ಹೆಂಡತಿಯ "ಹೂಂ"ಗಳಲ್ಲಿ ಹಲವು ಜಾತಿ. ಒಪ್ಪಿಗೆಯ ಹೂಂ, ನಿದ್ದೆಯ ಹೂಂ, "ಆಡಿ, ಎಷ್ಟು ಆಡ್ತೀರೋ ನೋಡೋಣ" ಎಂಬ ಹೂಂ. ಅಂದಿನದು ಯಾವ ಜಾತಿಯದೆಂದು ನಾನು ವಿಚಾರಿಸಲಿಲ್ಲ. ಸೇಫ್ಟಿ ಆಫೀಸರನ ಮೂಗಿಗೆ ಹೊಗೆ ವಾಸನೆ ಬಡಿಯಬೇಕಾದದ್ದು ಅಲ್ಲೇ.

ಮಗಳು ಸುಲಭಕ್ಕೆ ಬಿಡುವವಳಲ್ಲ. ಹಾಗಾಗಿ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಅದೇ ಅಣಕು ಕವಾಯತು! ಕಾರ್ಖಾನೆಯಲ್ಲಿ ನನ್ನ ಡ್ರಿಲ್ ಎಂದರೆ ಕಾರ್ಮಿಕರಿಂದ ಮಾಲೀಕರವರೆಗೆ ಎಲ್ಲರೂ ನಡುಗುತ್ತಿದ್ದರು. ಬೆಂಕಿ ಇಲ್ಲದೆ ಬೆಂಕಿ ಆರಿಸುವುದು, ಗ್ಯಾಸ್ ಸೋರದೆಯೇ ಮೂಗು ಮುಚ್ಚಿಕೊಂಡು ಓಡುವುದು ನನ್ನ ಕಾಲದಲ್ಲಿ ಒಂದು ಕಲೆಯಾಗಿ ಬೆಳೆದಿತ್ತು. ಒಮ್ಮೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರನ್ನು "ಹೊಗೆ ಕುಡಿದು ಪ್ರಜ್ಞೆ ತಪ್ಪಿದವರು" ಎಂದು ಮೆಟ್ಟಿಲ ಕೆಳಗೆ ಮಲಗಿಸಿ, ಆಮೇಲೆ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ಕಸ ಗುಡಿಸುವವರು ಬರುವವರೆಗೂ ಅವರು ಪ್ರಜ್ಞೆ ತಪ್ಪಿಯೇ ಇದ್ದರು. ಶಿಸ್ತು ಎಂದರೆ ಅದು!

ಬೆಂಕಿ ಬೀಳುವ ಮುಂಚೆ ಬೆಂಕಿಯ ಡ್ರಿಲ್ ಮಾಡುವುದಾದರೆ, ಹಾಸಿಗೆ ಹಿಡಿಯುವ ಮುಂಚೆ ಹಾಸಿಗೆಯ ಡ್ರಿಲ್ ಯಾಕೆ ಮಾಡಬಾರದು? ಒಂದು ಹಗಲು ನಾನು ಬಲಭಾಗಕ್ಕೆ ಲಕ್ವ ಹೊಡೆದವನಾಗಿ ಮಲಗುತ್ತೇನೆ, ಮನೆಯಲ್ಲಿ ಎಲ್ಲವೂ ಹೇಗೆ ಹೂವೆತ್ತಿದಂತೆ ನಡೆಯುತ್ತದೆಂದು ತೋರಿಸುತ್ತೇನೆ ಎಂದೆ. ಮಗಳು ಷರತ್ತು ಹಾಕಿದಳು. ಸಂಜೆಯವರೆಗೆ ಡ್ರಿಲ್ ಕೆಡದೆ ನಡೆದರೆ ಅವಳು ಮತ್ತೆಂದೂ ಆ ನಿವಾಸದ ಮಾತೆತ್ತುವುದಿಲ್ಲ. ನಾನಾಗಿ ಎದ್ದು ಕೂತರೆ ಸೋತ ಹಾಗೆ. ತೆಪ್ಪಗೆ ಕಾರು ಹತ್ತಿ ಆ ಜಾಗ ನೋಡಲು ಬರಬೇಕು. ನಾನು ಮೀಸೆ ತಿರುವಿ ಒಪ್ಪಿದೆ.

ಆಸ್ಪತ್ರೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ಮಂಚ ಬಂತು. ಅದೇನು ಮಂಚವೇ! ಗುಂಡಿ ಒತ್ತಿದರೆ ತಲೆ ಏರುತ್ತದೆ, ಇನ್ನೊಂದು ಗುಂಡಿಗೆ ಕಾಲು ಏರುತ್ತದೆ, ಎರಡು ಬದಿಗೂ ಏರಿಸಿ ಚಿಲಕ ಹಾಕುವ ಕಂಬಿಗಳು. ಅದನ್ನು ಹಜಾರದ ಕಿಟಕಿಯ ಪಕ್ಕ ಸ್ಥಾಪಿಸಿ, ಹೆಂಡತಿಯನ್ನು ಕರೆದು ನಿಯಮಗಳನ್ನು ವಿವರಿಸಿದೆ. ರೋಗಿ ಸಾಕು ಎಂದರೂ ಡ್ರಿಲ್ ನಿಲ್ಲಿಸುವಂತಿಲ್ಲ, ಏಕೆಂದರೆ ನಿಜವಾದ ಲಕ್ವ ಸಾಕು ಎಂದರೆ ನಿಲ್ಲುತ್ತದೆಯೇ? ನಿಲ್ಲಿಸುವ ಅಧಿಕಾರ ಸೀಟಿ ಹಿಡಿದ ನಿಯಂತ್ರಕರದು ಮಾತ್ರ. ಹೊರಗಿನವರು ಕೇಳಿದರೆ ಇದು ನಿಜ ಎಂದೇ ಹೇಳಬೇಕು. ಮತ್ತು ಪ್ರತಿ ಡ್ರಿಲ್ಲಿನಲ್ಲೂ ಒಂದು ಅನಿರೀಕ್ಷಿತ ಘಟನೆ ಇರಲೇಬೇಕು, ಅದು ನಿಯಂತ್ರಕರನ್ನು ಬಿಟ್ಟು ಯಾರಿಗೂ ಮೊದಲೇ ಗೊತ್ತಿರಬಾರದು. ಇಷ್ಟು ಹೇಳಿ, ನನ್ನ ಹಿತ್ತಾಳೆಯ ಸೀಟಿಯನ್ನು ಅವಳ ಕೊರಳಿಗೆ ನಾನೇ ಹಾಕಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ, ಬೇರೆ ವ್ಯಾಖ್ಯಾನ ಬೇಡ.

ಆ ಗುರುವಾರ ಬೆಳಗಿನ ಹೊತ್ತು ಎಷ್ಟು ಸೊಗಸಾಗಿತ್ತು! ತಲೆದಿಂಬಿನ ಪಕ್ಕ ಒಂದು ಗಂಟೆ ಇಟ್ಟುಕೊಂಡಿದ್ದೆ. ಟಿಣ್ ಎಂದರೆ ಟೀ ಬಂತು. ಟಿಣ್ ಎಂದರೆ ಪೇಪರು ಬಂತು. ಟಿಣ್, ಕಿಟಕಿ ತೆರೆಯಿತು. ಟಿಣ್, ಬಿಸಿಲು ಹೆಚ್ಚಾಯಿತು, ಅರ್ಧ ಮುಚ್ಚಿತು. ಬಲಗೈ ಬಿದ್ದುಹೋಗಿದ್ದರಿಂದ ಪೇಪರಿನ ಪುಟ ತಿರುವಲೂ ಟಿಣ್. ನನ್ನ ಹೆಂಡತಿ ಹಸನ್ಮುಖಿಯಾಗಿ ಬರುತ್ತಿದ್ದಳು, ಹೋಗುತ್ತಿದ್ದಳು. ಇವಳಿಗೂ ಇದು ಇಷ್ಟವಾಗಿದೆ ಎಂದುಕೊಂಡೆ. ರಾಜರು ಯಾಕೆ ಯುದ್ಧಕ್ಕೆ ಹೋಗಿ ಒದ್ದಾಡುತ್ತಿದ್ದರೋ, ಲಕ್ವ ಹೊಡೆಸಿಕೊಂಡು ಅರಮನೆಯಲ್ಲೇ ಇರಬಹುದಿತ್ತಲ್ಲ ಎಂದೂ ಅನ್ನಿಸಿತು.

ಮತ್ತೊಂದು ಟಿಣ್‌ಗೆ ಅವಳು ಬಂದಾಗ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಹೆಗಲಲ್ಲಿ ಚೀಲ, ಕಾಲಲ್ಲಿ ಚಪ್ಪಲಿ.

"ಎಲ್ಲಿಗೆ ಹೊರಟೆ?"

"ಅನಿರೀಕ್ಷಿತ ಘಟನೆ ರೀ. ಆರೈಕೆ ಮಾಡೋಳು ಬಿದ್ದು ಸೊಂಟ ಮುರ್ಕೊಂಡಿದಾಳೆ. ಇನ್ಮೇಲೆ ನಾನಿಲ್ಲ ಅಂತ ತಿಳ್ಕೊಳ್ಳಿ."

"ಅದು ಹೇಗೆ ಸಾಧ್ಯ? ಅಂಥದ್ದೆಲ್ಲ ಆಗಲ್ಲ."

"ಯಾಕಾಗಲ್ಲ? ನನಗೂ ವಯಸ್ಸು ಅನ್ನೋದು ಇದೆ. ಬಚ್ಚಲು ನಮ್ಮಿಬ್ಬರಿಗೂ ಒಂದೇ."

ಬಾಯ್ಲರ್ ಸಿಡಿಯುವುದಕ್ಕೆ ನನ್ನಲ್ಲಿ ಯೋಜನೆಯಿತ್ತು. ಹಿಟ್ಟಿನ ಧೂಳಿಗೆ ಬೆಂಕಿ ಹತ್ತುವುದಕ್ಕೆ ಯೋಜನೆಯಿತ್ತು. ಇವಳು ಬೀಳುವುದಕ್ಕೆ ಯಾವ ಯೋಜನೆಯೂ ಇರಲಿಲ್ಲ. ಡ್ರಿಲ್ ಇಲ್ಲಿಗೆ ಸಾಕು ಎಂದು ಹೇಳಲು ಹೋದರೆ, ರೋಗಿ ಹೇಳಿದರೆ ನಿಲ್ಲುವುದಿಲ್ಲವಲ್ಲ ಎಂದು ನನ್ನ ನಿಯಮವನ್ನೇ ನನಗೆ ಓದಿ ಹೇಳಿದಳು. ಬದಲಿ ವ್ಯವಸ್ಥೆಯಾಗಿ ತಮ್ಮನಿಗೆ ಫೋನ್ ಮಾಡಿರುವುದಾಗಿಯೂ, ನಿಯಮದಂತೆ ಅವನಿಗೆ ಎಲ್ಲವನ್ನೂ ನಿಜ ಎಂದೇ ಹೇಳಿರುವುದಾಗಿಯೂ ತಿಳಿಸಿ, ಸೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ನನ್ನ ಭಾಮೈದ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದವನು. ನಿವೃತ್ತನಾದರೂ ಎದೆ ಇನ್ನೂ ಸೇವೆಯಲ್ಲಿದೆ. ಬಾಗಿಲಲ್ಲಿ ನನ್ನನ್ನು ಕಂಡವನೇ ಕಣ್ಣೀರು ಒರೆಸಿಕೊಂಡು, ಮಂಚದ ಎರಡೂ ಕಂಬಿ ಏರಿಸಿ ಚಿಲಕ ಜಡಿದ.

"ಭಾವ, ಏನೂ ಯೋಚನೆ ಮಾಡ್ಬೇಡಿ. ನಾನಿದೀನಿ."

"ಲೋ, ನನಗೇನೂ ಆಗಿಲ್ಲ ಕಣೋ. ಇದು ಡ್ರಿಲ್ಲು."

"ಹಾಗಂತೀರ ಅಂತ ಅಕ್ಕ ಮೊದ್ಲೇ ಹೇಳಿದ್ಲು," ಎಂದು ಅವನು ಮತ್ತೆ ಕಣ್ಣೊರೆಸಿಕೊಂಡ. "ತಲೆಗೆ ಏರಿದೆ. ಇನ್ನೂ ಕಾರ್ಖಾನೆಲೇ ಇದೀನಿ ಅಂದ್ಕೊಂಡಿದೀರ."

ಎದ್ದು ನಿಂತು ತೋರಿಸಿದ್ದರೆ ಒಂದು ಕ್ಷಣದಲ್ಲಿ ಕಥೆ ಮುಗಿಯುತ್ತಿತ್ತು. ಆದರೆ ಎದ್ದರೆ ಸೋತೆ! ಕೆರೆಯಾಚೆಯ ನಿವಾಸ ಕಣ್ಣೆದುರು ಬಂತು. ಹಲ್ಲು ಕಚ್ಚಿ ಮಲಗಿದೆ. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಬಂತು, ಚಮಚ ಬಾಯಿಗೆ ಬಂತು. "ಆ ಅನ್ನಿ ಭಾವ, ದೊಡ್ಡದಾಗಿ ಆ" ಎಂದ. ನನಗೆ ಹಾಲು ಬ್ರೆಡ್ಡು ಕಂಡರಾಗದು. ತಲೆ ತಿರುಗಿಸಿದೆ. ರೋಗಿಗೆ ಕುತ್ತಿಗೆಯಲ್ಲಿ ಶಕ್ತಿಯಿದೆ ಎಂದು ಅವನು ಹಿಗ್ಗಿ, ಹಾಗಾದರೆ ವ್ಯಾಯಾಮ ಶುರು ಮಾಡೋಣ ಎಂದು ಪಂಚೆ ಮೇಲೆ ಕಟ್ಟಿದ. ನನ್ನ ಬಲಗಾಲನ್ನು ಹಿಡಿದು ಒಂದು, ಎರಡು ಎಂದು ಎಣಿಸುತ್ತಾ ಅದು ಎಂದೂ ಹೋಗಿರದ ದಿಕ್ಕುಗಳಿಗೆಲ್ಲ ಕರೆದೊಯ್ದ. ಲಕ್ವ ಹೊಡೆದ ಕಾಲಿಗೆ ನೋವಾಗುವಂತಿಲ್ಲವಲ್ಲ, ಹಾಗಾಗಿ ನಾನು ಕೂಗುವಂತೆಯೂ ಇರಲಿಲ್ಲ.

ಆಮೇಲೆ ಅವನ ಕಣ್ಣು ಮಂಚದ ಗುಂಡಿಗಳ ಮೇಲೆ ಬಿತ್ತು. ತಲೆ ಏರಿಸಿದ. ಚೆನ್ನಾಗಿದೆಯೇ ಎಂದು ಕೇಳದೆ ಇನ್ನಷ್ಟು ಏರಿಸಿದ. ಕಾಲು ಏರಿಸಿದ. ನನ್ನ ಮೂಗೂ ಮೊಣಕಾಲೂ ಇನ್ನೇನು ಪರಿಚಯ ಮಾಡಿಕೊಳ್ಳಬೇಕು, ಅಷ್ಟರಲ್ಲಿ ಕರೆಂಟು ಹೋಯಿತು!

ಈಗ ಎದ್ದೇಬಿಡುತ್ತೇನೆ, ಸೋತರೆ ಸೋತೆ ಎಂದು ನಿರ್ಧರಿಸಿದೆ. ಏಳಲಾಗಲಿಲ್ಲ. ಮಡಿಸಿದ ಚಾಪೆಯೊಳಗೆ ಸಿಕ್ಕ ಇಲಿಯ ಹಾಗೆ ನನ್ನ ಹೊಟ್ಟೆ ನಡುವೆ ಸಿಕ್ಕಿಕೊಂಡಿತ್ತು. ಎರಡು ಬದಿಗೂ ಕಂಬಿ, ಕಂಬಿಗೆ ಚಿಲಕ. ನಾನು ಒದ್ದಾಡಿದಷ್ಟೂ ಭಾಮೈದ ಭುಜ ಒತ್ತಿ ಹಿಡಿದು, ಸೆಳೆತ ಬರುತ್ತಿದೆ, ಹೆದರಬೇಡಿ ಎಂದು ಸಮಾಧಾನ ಮಾಡಿದ. ನನ್ನ ಬಲಗೈ ಆಡಿದ್ದನ್ನು ಕಂಡು ತನ್ನ ವ್ಯಾಯಾಮದ ಫಲ ಎಂದು ಊರಿಗೆಲ್ಲ ಫೋನ್ ಮಾಡಿದ.

ಫೋನಿನ ಫಲವಾಗಿ ಮೊದಲು ಬಂದವನು ಎದುರು ಅಂಗಡಿಯ ದರ್ಜಿ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ನನ್ನ ಜೊತೆ ದಿನಾ ಬೆಳಿಗ್ಗೆ ಜಗಳವಾಡುವಷ್ಟು ಸ್ನೇಹ ಅವನಿಗೆ. ಆದರೆ ಅಂದು ಅವನು ನನ್ನನ್ನು ಮಾತಾಡಿಸಲೇ ಇಲ್ಲ. ನನ್ನ ತಲೆಯ ಮೇಲಿನಿಂದ ಭಾಮೈದನನ್ನು ಕೇಳಿದ, ಇವರಿಗೆ ಕೇಳಿಸುತ್ತಾ, ಗುರುತು ಸಿಗುತ್ತಾ, ಟೀ ಕುಡೀತಾರಾ ಎಂದು. "ನನ್ನನ್ನೇ ಕೇಳಯ್ಯಾ" ಎಂದು ಗದರಿದೆ. ಅವನು ತಲೆಯಾಡಿಸಿ, ಪಾಪ, ಮಾತು ಸ್ಪಷ್ಟವಾಗಿದೆ ಎಂದು ಭಾಮೈದನಿಗೇ ಹೇಳಿದ. ಹೋದ ಸಲ ಅಳತೆ ಕೊಟ್ಟ ಪ್ಯಾಂಟನ್ನು ಇನ್ನು ಹೊಲಿಯಬೇಕೋ ಬೇಡವೋ ಎಂದೂ ಅವನನ್ನೇ ವಿಚಾರಿಸಿದ. ಬೇಡ, ಇನ್ನು ಪಂಚೆಯೇ ಅನುಕೂಲ ಎಂದು ಅವರಿಬ್ಬರೂ ಸೇರಿ ನನ್ನ ಪ್ಯಾಂಟನ್ನು ರದ್ದು ಮಾಡಿದರು.

ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಯಿತು. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆ ಹೊತ್ತಿನಲ್ಲಿ ನಗು ಬರಲಿಲ್ಲ. ಮನೆ ನನ್ನದೇ, ಕಿಟಕಿ ನನ್ನದೇ, ಬಟ್ಟಲು ನನ್ನದೇ, ಆದರೂ ಅಲ್ಲಿ ನನ್ನ ಮಾತು ನಡೆಯುತ್ತಿರಲಿಲ್ಲ. ಸ್ವಂತ ಮನೆಯಲ್ಲಿದ್ದರೆ ಸಾಕು, ಎಲ್ಲ ನನ್ನಿಷ್ಟದಂತೆ ಇರುತ್ತದೆ ಎಂದುಕೊಂಡಿದ್ದೆ. ಇಷ್ಟು ದಿನ ನನ್ನ ಇಷ್ಟವನ್ನು ನಡೆಸಿಕೊಟ್ಟದ್ದು ಮನೆಯಲ್ಲ ಎಂಬುದು ಆ ಮಂಚದ ನಡುವೆ ಮಡಿಸಿಕೊಂಡಿದ್ದಾಗ ಹೊಳೆಯಿತು.

ಅಷ್ಟೇ ಆಗಿದ್ದರೆ ತತ್ವಜ್ಞಾನಿಯಾಗಿ ಮುಗಿಸಬಹುದಿತ್ತು. ಆದರೆ ಬೆಳಗಿನಿಂದ ಟಿಣ್ ಟಿಣ್ ಎಂದು ಕುಡಿದ ಟೀಗಳೆಲ್ಲ ಒಟ್ಟಾಗಿ ಹೊರಗೆ ಹೋಗಲು ಅನುಮತಿ ಕೇಳತೊಡಗಿದವು. ಡ್ರಿಲ್ ಯೋಜನೆಯಲ್ಲಿ ಈ ಅಧ್ಯಾಯವನ್ನು ನಾನು ಜಾಣತನದಿಂದ ಬಿಟ್ಟಿದ್ದೆ. ಹಲ್ಲು ಕಚ್ಚಿದೆ, ಬೇರೆ ಕಡೆ ಗಮನ ಹರಿಸಿದೆ, ಮಗ್ಗಿ ಹೇಳಿಕೊಂಡೆ. ಕೊನೆಗೆ ಅರ್ಧ ದನಿಯಲ್ಲಿ ಭಾಮೈದನಿಗೆ ಹೇಳಿದೆ. ಅವನು ಇಡೀ ದನಿಯಲ್ಲಿ ದರ್ಜಿಗೆ ಹೇಳಿದ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಇನ್ನೂ ಕೆಲವರು ಸೇರಿದ್ದರು. ಮುಂದಿನದನ್ನು ಬರೆಯಲಾರೆ. ದರ್ಜಿ ಸಭ್ಯತೆಯಿಂದ ಗೋಡೆಯ ಕಡೆ ತಿರುಗಿ ನಿಂತ, ಬಾಗಿಲಲ್ಲಿದ್ದವರು ಆಕಾಶ ನೋಡಿದರು, ಭಾಮೈದ ಬಚ್ಚಲಿನ ಚೊಂಬು ಹಿಡಿದು "ಶಭಾಷ್ ಭಾವ" ಎಂದ. ಇಷ್ಟು ಸಾಕು.

ಸಂಜೆ ಮಗಳು ಬಂದಳು. ಮಂಚದ ಕೆಳಗೆ ತೂರಿ, ಕರೆಂಟಿಲ್ಲದಾಗ ತಿರುಗಿಸಲೆಂದೇ ಇಟ್ಟಿದ್ದ ಹಿಡಿಯನ್ನು ತಿರುಗಿಸಿ ನನ್ನನ್ನು ಬಿಡಿಸಿದಳು. ಹೀಗೆ ಸಿಕ್ಕಿಕೊಂಡ ಎಮ್ಮೆಯೊಂದನ್ನು ಹೋದ ತಿಂಗಳು ಬಿಡಿಸಿದ್ದಾಗಿಯೂ, ಅದು ಇಷ್ಟು ಬೈಗುಳ ಬೈದಿರಲಿಲ್ಲವೆಂದೂ ಹೇಳಿದಳು. ಸತ್ಯ ತಿಳಿದ ಭಾಮೈದ ಕುರ್ಚಿಯ ಮೇಲೆ ಕುಸಿದು ಕೂತ. ತನ್ನ ವ್ಯಾಯಾಮದಿಂದ ಗುಣವಾದದ್ದಲ್ಲ ಎಂಬುದೇ ಅವನಿಗೆ ದೊಡ್ಡ ದುಃಖ.

"ನಿಮ್ಮಮ್ಮ ಎಲ್ಲಿ?" ಎಂದು ಗುಡುಗಿದೆ.

"ಕೆರೆಯಾಚೆ ನಿವಾಸದಲ್ಲಿದಾಳೆ. ಪ್ರತಿ ಗುರುವಾರ ಅಲ್ಲಿಗೇ ಅಲ್ವಾ ಅಪ್ಪ ಅವಳು ಹೋಗೋದು?"

ಗುರುವಾರ ಗುರುವಾರ ಇವಳು ಲೈಬ್ರರಿಗೆ ಹೋಗುತ್ತಾಳೆಂದು ನಾನು ತಿಳಿದಿದ್ದೆ. ಹಾಗೆಂದು ಅವಳು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಸೊಂಟ ಹಿಡಿದುಕೊಂಡೇ ಕಾರು ಹತ್ತಿದೆ.

ಹಳೆಯ ಶಾಲೆಯೊಂದನ್ನು ಸರಿಮಾಡಿ ಮಾಡಿದ್ದ ನಿವಾಸ ಅದು. ಫಿನೈಲ್ ವಾಸನೆ, ಸಾಲು ಮಂಚ, ಗೋಡೆ ನೋಡುತ್ತಾ ಕೂತ ಮುದುಕರು ಇರುತ್ತಾರೆಂದು ಮನಸ್ಸು ಗಟ್ಟಿಮಾಡಿಕೊಂಡು ಒಳಗೆ ಹೋದೆ. ಒಳಗೆ ದೊಡ್ಡ ಜಗಳ ನಡೆಯುತ್ತಿತ್ತು! ಅಡುಗೆಯವನನ್ನು ನಡುವೆ ನಿಲ್ಲಿಸಿಕೊಂಡು ಹತ್ತಾರು ಹಿರಿಯರು ವಿಚಾರಣೆ ಮಾಡುತ್ತಿದ್ದರು. ವಯಸ್ಸಾದವರಿಗೆ ಖಾರ ಬೇಡವೆಂದು ತೀರ್ಮಾನಿಸಲು ನೀನು ಯಾರು ಎಂಬುದು ಆರೋಪ. ಗಾಲಿಕುರ್ಚಿಯಲ್ಲಿದ್ದವರೊಬ್ಬರು ಇನ್ನೊಬ್ಬರ ತಲೆಗೂದಲು ಕತ್ತರಿಸುತ್ತಾ ನಡುನಡುವೆ ಕತ್ತರಿ ಎತ್ತಿ ಘೋಷಣೆ ಕೂಗುತ್ತಿದ್ದರು. ನಮ್ಮ ಹಿಂದಿನವರು ಕೊಟ್ಟದ್ದನ್ನು ತಿಂದು "ಚೆನ್ನಾಗಿದೆಯಪ್ಪಾ" ಎನ್ನುತ್ತಿದ್ದರು. ಇವರು ನಮ್ಮವರು, ಪ್ಯಾಂಟಿನ ಕಾಲನ್ನು ತಾವೇ ಅಳೆದುಕೊಂಡವರು. ನಿವಾಸ ಇವರನ್ನು ನೋಡಿಕೊಳ್ಳುವುದಿರಲಿ, ಇವರೇ ನಿವಾಸವನ್ನು ಬಗ್ಗಿಸಿ ಇಟ್ಟುಕೊಂಡಿದ್ದರು.

ಮಗಳು ಕೋಣೆಗಳ ಸಾಲಿನುದ್ದಕ್ಕೂ ನಡೆಯುತ್ತಾ ವಿವರಿಸಿದಳು. ಬಾಗಿಲು ತಟ್ಟದೆ ಯಾರೂ ಯಾರ ಕೋಣೆಗೂ ಹೋಗುವಂತಿಲ್ಲ. ಏಳುವ ಹೊತ್ತು ಅವರವರದು. ಯಾರನ್ನು ಹೇಗೆ ಕರೆಯಬೇಕೆಂದು ಅವರವರೇ ಹೇಳಬೇಕು. ಒಬ್ಬರನ್ನು "ಕ್ಯಾಪ್ಟನ್" ಎನ್ನದಿದ್ದರೆ ಅವರು ಮಾತ್ರೆ ನುಂಗುವುದಿಲ್ಲ. ಹೊಸದಾಗಿ ಬಂದ ದಾದಿಯೊಬ್ಬಳು ಮಗುವಿಗೆ ಹೇಳುವಂತೆ "ಆ ಅನ್ನಿ" ಎಂದು ಹೇಳಿ ಛೀಮಾರಿ ಹಾಕಿಸಿಕೊಂಡಿದ್ದಳಂತೆ. ನನಗೆ ಹಾಲು ಬ್ರೆಡ್ಡು ನೆನಪಾಗಿ ಕಣ್ಣು ತುಂಬಿ ಬಂತು. ಒಂದು ಕೋಣೆಯಲ್ಲಿ ನಿಜವಾಗಿಯೇ ಹಾಸಿಗೆ ಹಿಡಿದ ಹೆಂಗಸೊಬ್ಬರಿದ್ದರು. ಅವರ ಹಾಸಿಗೆಯ ಮೇಲೆಯೇ ಎಲೆ ಹರಡಿಕೊಂಡು ಗೆಳತಿಯರು ಇಸ್ಪೀಟು ಆಡುತ್ತಿದ್ದರು, ಮಲಗಿದ್ದಾಕೆ ಕಣ್ಸನ್ನೆಯಲ್ಲೇ ಎಲೆ ಹಾಕಿಸಿ ಗೆಲ್ಲುತ್ತಿದ್ದರು.

ನನ್ನ ಹೆಂಡತಿ ಕೊನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ಕೈಯಲ್ಲಿ ಟೀ. ಬೇರೆ ಯಾರೋ ಮಾಡಿಕೊಟ್ಟ ಟೀಯನ್ನು ಇವಳು ಕೂತು ಕುಡಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೈಯಬೇಕೆಂದು ಬಂದವನಿಗೆ ಬೈಗುಳ ಮರೆತುಹೋಯಿತು. ಬಾಗಿಲು ತಟ್ಟಿದೆ. ಬನ್ನಿ ಎಂದಳು.

"ನನಗೊಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಇಷ್ಟ ಹೀಗೀಗೆ ಅಂತ ಅಷ್ಟು ಉದ್ದಕ್ಕೆ ಹೇಳಿದ್ರಿ. ನಿನ್ನಿಷ್ಟ ಏನೇ ಅಂತ ಕೇಳ್ತೀರೇನೋ ಅಂತ ಹುರುಳಿಕಾಯಿ ಮುಗಿಯೋ ತನಕ ಕಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಕಷ್ಟವಾಯಿತು. "ನಿಮ್ಮಮ್ಮನ್ನ ನೋಡ್ಕೊಂಡೆ, ಬೇಜಾರಿಲ್ಲ. ನಿಮ್ಮನ್ನೂ ನೋಡ್ಕೊಳ್ತಿದ್ದೆ. ಆದ್ರೆ ನಾನು ಮಲಗಿದ್ರೆ? ನಾನು ಗಂಟೆ ಹೊಡೆದ್ರೆ ಯಾರು ಬರ್ತಾರೆ?"

ನಾನು ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಟೀ ಪುಡಿಯ ಡಬ್ಬ ಯಾವ ಕಪಾಟಿನಲ್ಲಿದೆ ಎಂದು ಯೋಚಿಸಿದೆ. ಬಾಯಿ ಮುಚ್ಚಿದೆ.

ಇಲ್ಲಿಗೆ ಬರುವುದು ತನ್ನ ಆಸೆ ಎಂದಳು. ಗೆಳತಿಯರಿದ್ದಾರೆ, ಮಲಗಿದರೆ ಕಲಿತ ಕೈಗಳಿವೆ, ಪಾಳಿಯ ಮೇಲೆ ಬರುತ್ತಾರೆ, ಯಾರ ಸೊಂಟವೂ ಒಬ್ಬರಿಗಾಗಿ ಮುರಿಯುವುದಿಲ್ಲ. ಗುರುವಾರಗಳಲ್ಲಿ ಬಂದು ತನ್ನ ಪರೀಕ್ಷಾವಧಿ ಮುಗಿಸಿದ್ದಾಳೆ, ಆ ಮಧ್ಯಾಹ್ನವೇ ಇವಳನ್ನು ಸದಸ್ಯೆಯಾಗಿ ಸೇರಿಸಿಕೊಂಡು ಈ ಕೋಣೆ ಕೊಟ್ಟಿದ್ದಾರೆ. ನನ್ನನ್ನು ಬಿಟ್ಟು ಹೋಗುವ ಯೋಚನೆಯಿಲ್ಲ, ಕೋಣೆ ಇಬ್ಬರಿಗೂ ಸಾಲುವಷ್ಟಿದೆ, ಬರುವುದು ಬಿಡುವುದು ನನಗೆ ಬಿಟ್ಟದ್ದು ಎಂದಳು.

ಕೋಣೆಯನ್ನು ನೋಡಿದೆ. ಕಿಟಕಿ ನಮ್ಮ ಮನೆಯದಕ್ಕಿಂತ ದೊಡ್ಡದೇ ಇತ್ತು. ಎದೆಯುಬ್ಬಿಸಿ, ತ್ಯಾಗಮೂರ್ತಿಯ ದನಿಯಲ್ಲಿ, "ಆಯ್ತು. ನಿನಗೋಸ್ಕರ ಬರ್ತೀನಿ" ಎಂದು ಘೋಷಿಸಿದೆ. ಇವಳು ಹೂಂ ಎಂದಳು.

ನಿವಾಸದ ಅಧ್ಯಕ್ಷೆಯನ್ನು ಎಲ್ಲರೂ ಹೆಡ್ ಮಿಸ್ ಎನ್ನುತ್ತಿದ್ದರು; ನಿವೃತ್ತ ಮುಖ್ಯೋಪಾಧ್ಯಾಯಿನಿ, ಕನ್ನಡಕದ ಮೇಲಿನಿಂದ ನೋಡುವವರು. ಹೊಸಬರು ಯಾರೇ ಬಂದರೂ ಮೂರು ತಿಂಗಳು ಅತಿಥಿ ಕೋಣೆಯಲ್ಲಿದ್ದು, ಇಲ್ಲವೇ ವರ್ಷವಿಡೀ ವಾರಕ್ಕೊಂದು ದಿನ ಬಂದು, ಟೀ ಮಾಡುವ ಪಾಳಿ, ಪಾತ್ರೆ ಒರೆಸುವ ಪಾಳಿ, ಮಲಗಿದವರ ಬಳಿ ಕೂರುವ ಪಾಳಿ ಎಲ್ಲ ಮಾಡಿ ತೋರಿಸಬೇಕು, ಆಮೇಲೆ ಸದಸ್ಯತ್ವ ಎಂದರು. ನಾನು ನಕ್ಕೆ. ನನ್ನಂಥ ಅನುಭವಿಗೆ ಪರೀಕ್ಷೆಯೇ? ವಿನಾಯಿತಿ ಬೇಕೆಂದೆ. ಸಭೆ ಸೇರಿಸಿ ಮತಕ್ಕೆ ಹಾಕಬಹುದು, ಆದರೆ ಒಬ್ಬರು ಒಪ್ಪದಿದ್ದರೂ ಆಗುವುದಿಲ್ಲ ಎಂದರು ಹೆಡ್ ಮಿಸ್.

ಸಭೆಯಲ್ಲಿ ನಾನು ಮಿಂಚಿದೆ! ಬೆಂಕಿ ಆರಿಸುವ ಸಿಲಿಂಡರು ಚಪ್ಪಲಿ ಗೂಡಿನ ಹಿಂದೆ ಅಡಗಿರುವುದನ್ನು ಪತ್ತೆಮಾಡಿ ಚಪ್ಪಾಳೆ ಗಿಟ್ಟಿಸಿದೆ. ಅಂದಿನ ಡ್ರಿಲ್ಲಿನ ಕಥೆಯನ್ನು, ಚೊಂಬಿನ ಭಾಗವೊಂದನ್ನು ಬಿಟ್ಟು, ಅಭಿನಯಿಸಿ ತೋರಿಸಿದೆ. ಕ್ಯಾಪ್ಟನ್ ನಕ್ಕು ನಕ್ಕು ಹಲ್ಲುಸೆಟ್ಟು ಕೈಗೆ ತೆಗೆದುಕೊಂಡರು. ವಿಚಾರಣೆ ಮುಗಿಸಿಕೊಂಡಿದ್ದ ಅಡುಗೆಯವನೂ ನಕ್ಕ. ಇಂಥ ಮನುಷ್ಯ ಇಷ್ಟು ದಿನ ಎಲ್ಲಿದ್ದರು ಎಂದು ಇಸ್ಪೀಟಿನ ಗೆಳತಿಯರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಹೆಡ್ ಮಿಸ್ ಮೇಜು ತಟ್ಟಿ, ಇವರಿಗೆ ವಿನಾಯಿತಿ ಕೊಡಲು ಒಪ್ಪಿಗೆಯಿರುವವರು ಕೈ ಎತ್ತಿ ಎಂದರು. ಕ್ಯಾಪ್ಟನ್ ಎತ್ತಿದರು. ಗಾಲಿಕುರ್ಚಿಯವರು ಕತ್ತರಿ ಸಮೇತ ಎತ್ತಿದರು. ಇಸ್ಪೀಟಿನವರೆಲ್ಲ ಎತ್ತಿದರು. ಸಾಲು ಸಾಲಾಗಿ ಕೈಗಳು ಮೇಲಕ್ಕೆ ಹೋದವು. ನಾನು ಕೃತಜ್ಞತಾ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ.

ಒಂದೇ ಒಂದು ಕೈ ಮಡಿಲಲ್ಲೇ ಇತ್ತು. ಅಂದು ಮಧ್ಯಾಹ್ನ ತಾನೇ ಸದಸ್ಯೆಯಾದವರ ಕೈ.

ಹೆಡ್ ಮಿಸ್ ಕನ್ನಡಕ ಮೇಲೇರಿಸಿ ಕೇಳಿದರು. "ಏನಮ್ಮಾ ಇದು? ಎಲ್ಲರೂ ಒಪ್ಪ್ತಿದಾರೆ, ನೀವೊಬ್ರೇ ಯಾಕೆ ಬೇಡ ಅಂತೀರ?"

"ಅವರಿಗೆಲ್ಲ ಇವರ ಪರಿಚಯ ಆಗಿ ಅರ್ಧ ಗಂಟೆ ಆಯ್ತು ಮಿಸ್," ಎಂದಳು ನನ್ನ ಹೆಂಡತಿ. "ನನಗೆ ನಲವತ್ತು ವರ್ಷ."